ಮನೆಗಾಡಿಯ ಲೆಕ್ಕ

ಗೃಹಸ್ಥರ ಆಯವ್ಯಯಗಳನ್ನು ಕುರಿತು ಈ ಪುಟದಲ್ಲಿ ತಿಂಗಳು ತಿಂಗಳೂ ಏನಾದರೊಂದನ್ನು ಬರೆಯುತ್ತ ಬಂದಿರುವ ನನಗೆ, ಮನೆಯನ್ನೇ ಗಾಡಿಯ ಮೇಲೆ ಹೇರಿಕೊಂಡು ಹೊರಡುವವರ ಲೆಕ್ಕವನ್ನು ಬರೆಯುವ ಪ್ರಸಂಗವೂ ಒದಗೀತೆಂದು ಎಣಿಕೆಯಿರಲಿಲ್ಲ. ಒದಗಿಸಿದವರು ನನ್ನ ಬಾಲ್ಯಸ್ನೇಹಿತರು, ಮಾಗಡಿಯವರೇ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ಕಳೆದ ವರ್ಷ ನಿವೃತ್ತರಾದವರು. ಹೆಸರು ಅಚ್ಚಾಗುವುದು ಅವರಿಗೆ ಒಪ್ಪಿಗೆಯಲ್ಲ. ಆದುದರಿಂದ ಶಿರಸ್ತೇದಾರರೆಂದೇ ಕರೆಯುತ್ತೇನೆ. ಊರಿನಲ್ಲಿ ಅವರನ್ನು ಈಗಲೂ ಹಾಗೆಯೇ ಕರೆಯುತ್ತಾರೆ.

ಹೋದ ಆಷಾಢಕ್ಕೆ ಮುಂಚೆ ಅವರು ಸಾವನದುರ್ಗದ ತಪ್ಪಲಿನ ನರಸಿಂಹಸ್ವಾಮಿಯ ದರ್ಶನಕ್ಕೆ ಹೋಗಿದ್ದರು. ಅಲ್ಲಿ ಮರದ ನೆರಳಿನಲ್ಲಿ ಒಂದು ಬಿಳಿಯ ಗಾಡಿ ನಿಂತಿತ್ತು. ಹೊರಗಿನಿಂದ ನೋಡಿದರೆ ಮದುವೆಯ ದಿಬ್ಬಣವನ್ನು ಕರೆದೊಯ್ಯುವ ಟೆಂಪೊ ಟ್ರಾವೆಲರಿನಂತಿದ್ದರೂ, ಒಳಗೆ ಆಸನಗಳ ಸಾಲಿಗೆ ಬದಲಾಗಿ ಮಂಚವುಂಟು, ಒಲೆಯುಂಟು, ನೀರಿನ ತೊಟ್ಟಿಯುಂಟು, ಒಬ್ಬರು ನಿಲ್ಲುವಷ್ಟು ಬಚ್ಚಲುಂಟು. ಅದರಲ್ಲಿ ವಾಸವಾಗಿದ್ದವರು ಬೆಂಗಳೂರಿನ ನಿವೃತ್ತ ದಂಪತಿಗಳು. ಶಿರಸ್ತೇದಾರರನ್ನು ಒಳಕ್ಕೆ ಕರೆದು ಕಾಫಿ ಕೊಟ್ಟು ಉಪಚರಿಸಿದರಂತೆ. ಆ ಕಾಫಿಯನ್ನು ಕುಡಿದು ಬಂದ ಮನುಷ್ಯರು ಮತ್ತೆ ಮೊದಲಿನಂತಾಗಲಿಲ್ಲ. ಎರಡು ತಿಂಗಳು ಕಳೆಯುವುದರೊಳಗೆ, ಉಪದಾನವಾಗಿಯೂ ಪಿಂಚಣಿಯ ಪರಿವರ್ತನೆಯಿಂದಲೂ ಬಂದ ಹಣದಲ್ಲಿ ಮೂವತ್ತು ಲಕ್ಷವನ್ನು ತೆಗೆದು ಅಂಥದೊಂದು ಗಾಡಿಯನ್ನು ಕೊಳ್ಳುವುದೆಂದೂ, ಮಾಗಡಿಯ ಮನೆಯನ್ನು ಮಾರಿ ಆ ಹಣವನ್ನು ಮಗನಿಗೂ ಮಗಳಿಗೂ ಹಂಚಿಬಿಡುವುದೆಂದೂ, ಉಳಿದ ಆಯುಷ್ಯವನ್ನು ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸುತ್ತ ಕಳೆಯುವುದೆಂದೂ ಅವರು ಸಂಕಲ್ಪ ಮಾಡಿಬಿಟ್ಟಿದ್ದರು. ಅವರ ಮನೆಯವರು ಈ ವಿಷಯದಲ್ಲಿ ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ.

ಒಂದು ಸಂಜೆ ನನ್ನ ಜಗಲಿಗೆ ಬಂದು, ಕಾಗದವೊಂದನ್ನು ಮುಂದಿಟ್ಟರು. “ಮೇಷ್ಟ್ರೇ, ಲೆಕ್ಕ ಮಾಡಿಯೇ ತಂದಿದ್ದೇನೆ, ನೋಡಿ. ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರು ತಿರುಗಿದರೆ, ಲೀಟರಿಗೆ ಹತ್ತರಂತೆ 1,200 ಲೀಟರು ಡೀಸೆಲ್ಲು. ಲೀಟರಿಗೆ ತೊಂಬತ್ತು ರೂಪಾಯಿ ಹಿಡಿಯಿರಿ. 1,08,000 ಆಯಿತು. ತಿಂಗಳಿಗೆ 9,000. ಇಷ್ಟಕ್ಕೆ ಬೆಂಗಳೂರಿನಲ್ಲಿ ಒಂದು ಕೋಣೆಯಾದರೂ ಬಾಡಿಗೆಗೆ ಸಿಕ್ಕೀತೆ?” ಎಂದರು.

ಕೂಡುವುದರಲ್ಲಿ ತಪ್ಪಿರಲಿಲ್ಲ. ಸರ್ಕಾರಿ ಲೆಕ್ಕಪತ್ರಗಳಲ್ಲಿ ತಲೆ ನರೆತವರು ಕೂಡುವುದರಲ್ಲಿ ತಪ್ಪುವುದುಂಟೆ? ಆದರೆ ಕಾಗದದಲ್ಲಿ ಇದ್ದುದು ಗಾಡಿ ಓಡುವಾಗ ತಿನ್ನುವ ಮೇವಿನ ಲೆಕ್ಕವೊಂದೇ. ಗಾಡಿ ನಿಂತಿರುವಾಗ ತಿನ್ನುವುದರ ಲೆಕ್ಕ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಅದನ್ನು ಹೇಳುವುದಕ್ಕೆ ಬಾಯಿ ತೆರೆಯುವ ಮೊದಲೇ ಅವರು ನನ್ನ ಸಂಸ್ಕೃತವನ್ನು ನನ್ನ ಮೇಲೆಯೇ ತಿರುಗಿಸಿದರು. ಮೊಮ್ಮಗನ ಮುಖವನ್ನೂ ತಲೆಯ ನರೆಯನ್ನೂ ಕಂಡ ಗೃಹಸ್ಥನು ಮನೆಯನ್ನು ಬಿಟ್ಟು ಹೊರಡತಕ್ಕದ್ದೆಂದು ಸ್ಮೃತಿಕಾರರೇ ವಿಧಿಸಿರುವಾಗ ನಾನು ಅಡ್ಡ ಬರುವುದು ಉಚಿತವಲ್ಲವೆಂದು ಅವರ ವಾದ.

ಸ್ಮೃತಿಯ ಮಾತು ನಿಜ. ಆದರೆ ಅದೇ ಸ್ಮೃತಿಗಳ ಪರಂಪರೆಯಲ್ಲಿ ಸಂನ್ಯಾಸಿಗಳ ಭೇದಗಳನ್ನು ಹೇಳುವಾಗ ಕುಟೀಚಕನೆಂದೂ ಬಹೂದಕನೆಂದೂ ಇಬ್ಬರನ್ನು ಮೊದಲು ಹೇಳುತ್ತಾರೆ. ಕುಟೀಚಕನು ಮಗನ ಮನೆಯ ಸಮೀಪದಲ್ಲಿಯೇ ಗುಡಿಸಲು ಕಟ್ಟಿಕೊಂಡು ಅಲ್ಲಿಯೇ ಭಿಕ್ಷೆ ಉಣ್ಣತಕ್ಕವನು. ಬಹೂದಕನು ತೀರ್ಥದಿಂದ ತೀರ್ಥಕ್ಕೆ ಅಲೆಯತಕ್ಕವನು. ಅಲೆಯುವವನಿಗೂ ಮಳೆಗಾಲದಲ್ಲಿ ಚಾತುರ್ಮಾಸ್ಯವುಂಟು. ಒಂದೇ ಊರಿನಲ್ಲಿ ನಿಲ್ಲಬೇಕು. ಅಷ್ಟೇ ಅಲ್ಲದೆ ಮೂವತ್ತು ಲಕ್ಷದ ಕಮಂಡಲುವನ್ನು ಹಿಡಿದು ಹೊರಟ ಯತಿಯ ವಿಷಯವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ. ಇದನ್ನು ಹೇಳಿದಾಗ ಶಿರಸ್ತೇದಾರರು ನಕ್ಕರು, ಆದರೆ ಕಾಗದವನ್ನು ಮಡಿಸಿ ಜೇಬಿಗೆ ಸೇರಿಸಿದರು. ಮನಸ್ಸಿಗೆ ಸ್ವಲ್ಪ ನೋವಾಯಿತೆಂದು ತೋರಿತು. ಸ್ನೇಹಿತರ ಕನಸನ್ನು ಪರಿಹಾಸ್ಯ ಮಾಡುವುದು ಸುಲಭ. ಅದರೊಳಗೆ ಹೊಕ್ಕು ನೋಡುವುದು ಕಷ್ಟ. ಆದುದರಿಂದ, ಕೊಳ್ಳುವ ಮೊದಲು ಬಾಡಿಗೆಗೆ ಒಂದನ್ನು ತರಿಸಿ, ಎರಡು ರಾತ್ರಿ ಅದರಲ್ಲಿ ಮಲಗಿ ನೋಡೋಣವೆಂದು ನಾನೇ ಸೂಚಿಸಿದೆನು.

ಹಾಗೆ ಸೂಚಿಸಿದುದಕ್ಕೆ ನನ್ನದೇ ಒಂದು ಆಸೆಯೂ ಕಾರಣವೆಂದು ಒಪ್ಪಿಕೊಳ್ಳುತ್ತೇನೆ. ನಾನು ಹುಡುಗನಾಗಿದ್ದಾಗ ಚೈತ್ರಮಾಸದಲ್ಲಿ ಮಾಗಡಿ ರಂಗನಾಥಸ್ವಾಮಿಯ ತೇರಿಗೆ ನಮ್ಮ ತಾತನವರು ಕಮಾನು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ಬಿದಿರಿನ ತಟ್ಟಿಯ ಕಮಾನು, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ, ಅಚ್ಚಿನ ಕೆಳಗೆ ಲಾಂದ್ರ, ಹಿಂಭಾಗದಲ್ಲಿ ಕಟ್ಟಿದ ನೀರಿನ ಕೊಡ. ತೋಪಿನಲ್ಲಿ ಎತ್ತುಗಳನ್ನು ಬಿಚ್ಚಿ, ಮೂರು ಕಲ್ಲು ಹೂಡಿ ಅನ್ನ ಬೇಯಿಸಿ, ಮೂರು ದಿನ ಆ ಗಾಡಿಯೇ ನಮ್ಮ ಮನೆ. ಮನೆಗಾಡಿಯೆಂಬುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಆದರೆ ತಾತನವರಿಗೆ ಆ ಮೂರು ದಿನದ ವಾಸಕ್ಕೆ ಪ್ರತ್ಯೇಕವಾದ ಖರ್ಚು ಇರಲಿಲ್ಲ. ಅದೇಕೆಂದರೆ ತೇರು ಮುಗಿದ ಮಾರನೆಯ ದಿನವೇ ಕಮಾನನ್ನು ಬಿಚ್ಚಿ, ಅದೇ ಗಾಡಿಯಲ್ಲಿ ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದರು. ಮೂರು ದಿನ ಮನೆಯಾದದ್ದು ಮಿಕ್ಕ ದಿನ ದುಡಿಯುತ್ತಿತ್ತು. ವರ್ಷಕ್ಕೊಮ್ಮೆ ಎಳೆದು ಮಿಕ್ಕ ದಿನವೆಲ್ಲ ಮುಚ್ಚಿ ನಿಲ್ಲಿಸತಕ್ಕ ವಾಹನ ರಥವೊಂದೇ. ಅದು ದೇವರಿಗೆ ಸಲ್ಲುತ್ತದೆ. ಖರ್ಚಿಗೆ ಊರೆಲ್ಲ ಸೇರಿ ಹೆಗಲು ಕೊಡುತ್ತದೆ.

ಕಾರ್ತಿಕದ ಕೊನೆಯಲ್ಲಿ ಬಾಡಿಗೆಯ ಗಾಡಿ ಬಂದಿತು, ಚಾಲಕನ ಸಮೇತ. ಶಿರಸ್ತೇದಾರರು, ಅವರ ಮನೆಯವರು, ನಾನು. ನನ್ನ ಗೃಹಿಣಿ ಬರಲೊಪ್ಪಲಿಲ್ಲ. ತವರಿನಿಂದ ಬಂದಿದ್ದ ತಂಗಿಯ ನೆಪ ಹೇಳಿದಳು. ಸಾವನದುರ್ಗದ ಸುತ್ತ ಇರುವುದು ಅರಣ್ಯ ಇಲಾಖೆಯ ಕಾಡು. ಅಲ್ಲಿ ಇಷ್ಟ ಬಂದ ಕಡೆ ರಾತ್ರಿ ತಂಗುವಂತಿಲ್ಲ. ಪರಿಚಿತರಾದ ರೈತರೊಬ್ಬರು ತಮ್ಮ ಮಾವಿನ ತೋಟದ ಅಂಚಿನಲ್ಲಿ ನಿಲ್ಲಿಸಿಕೊಳ್ಳುವುದಕ್ಕೆ ಅವಕಾಶ ಕೊಟ್ಟರು. ಸಂಜೆ ಐದು ಗಂಟೆಗೆ ಬಾಗಿಲನ್ನು ತೆರೆದರೆ ಎದುರಿಗೆ ಕರಿಗುಡ್ಡ, ಒತ್ತಿಗೆ ಬಿಳಿಗುಡ್ಡ. ಸಮುದ್ರಮಟ್ಟದಿಂದ 1,226 ಮೀಟರು ಎತ್ತರದ ಆ ಒಂದೇ ಬಂಡೆ ಬಿಸಿಲು ಇಳಿದಂತೆ ಬೂದಿಯ ಬಣ್ಣದಿಂದ ತಾಮ್ರಕ್ಕೆ, ತಾಮ್ರದಿಂದ ನೀಲಿಗೆ ತಿರುಗುವುದನ್ನು ಮೂವರೂ ಮಾತಿಲ್ಲದೆ ನೋಡಿದೆವು. ಮಾಗಡಿಯಲ್ಲಿ ಹುಟ್ಟಿ ಅರುವತ್ತು ವರ್ಷ ಕಳೆದ ನಾನು ಆ ಬೆಟ್ಟವನ್ನು ಆ ಹೊತ್ತಿನಲ್ಲಿ, ಕೈಯಲ್ಲಿ ಕಾಫಿಯ ಲೋಟ ಹಿಡಿದು, ಹಿಂತಿರುಗುವ ಬಸ್ಸಿನ ಚಿಂತೆಯಿಲ್ಲದೆ ನೋಡಿದವನಲ್ಲ. ಶಿರಸ್ತೇದಾರರ ಸಂಕಲ್ಪದಲ್ಲಿ ಹುರುಳಿದೆಯೆಂದು ಆ ಗಳಿಗೆಯಲ್ಲಿ ನನಗೂ ಅನ್ನಿಸಿತು. ಅದನ್ನು ಮುಚ್ಚಿಟ್ಟು ಬರೆದರೆ ಲೆಕ್ಕ ಸುಳ್ಳಾಗುತ್ತದೆ.

ರಾತ್ರಿಯ ವೃತ್ತಾಂತ ಬೇರೆ. ತೊಟ್ಟಿಯಲ್ಲಿ ನೂರು ಲೀಟರು ನೀರು. ಅಡಿಗೆ, ಪಾತ್ರೆ, ಬಚ್ಚಲು ಎಲ್ಲವೂ ಅದರಲ್ಲಿಯೇ. ಚಾಲಕನೂ ಸೇರಿ ನಾಲ್ವರು. ಮಾರನೆಯ ದಿನ ಸ್ನಾನ ಮುಗಿಯುವ ವೇಳೆಗೆ ತಳ ಕಂಡಿತು. ರೈತರ ಕೊಳವೆಬಾವಿಯಿಂದ ಕೊಡಗಳಲ್ಲಿ ಹೊತ್ತು ತುಂಬಿಸಿದೆವು. ಮೊದಲ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಬರಿದಾಗಿ ಫ್ಯಾನು ನಿಂತಿತು. ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ. ಶೌಚದ ಪೆಟ್ಟಿಗೆಯನ್ನು ಎರಡನೆಯ ದಿನ ಬರಿದುಮಾಡಬೇಕಾಗಿತ್ತು. ಎಲ್ಲಿ? ಹೊಲದಲ್ಲಿ ಚೆಲ್ಲುವುದು ಸಭ್ಯತೆಯಲ್ಲ, ಚರಂಡಿ ಅಲ್ಲಿಲ್ಲ. ಕಡೆಗೆ ಆ ರೈತರ ಮನೆಯ ಶೌಚಗುಂಡಿಯನ್ನೇ ಆಶ್ರಯಿಸಿದೆವು. ಅಮೆರಿಕದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಇಂಥ ಗಾಡಿಗಳಿಗಾಗಿಯೇ ನಿಲುಗಡೆಗಳಿವೆ; ಅಲ್ಲಿ ನೀರಿನ ಕೊಳಾಯಿ, ವಿದ್ಯುತ್ತು, ಮಲಿನಜಲದ ನಾಲೆ ಎಲ್ಲವೂ ಬಾಗಿಲಿಗೇ ಬರುತ್ತವೆ. ಪಕ್ಕದ ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಯೋಜನೆಯನ್ನು ಪ್ರಕಟಿಸಿದಾಗ ಗಾಡಿಗಳ ಜೊತೆಗೆ ನಿಲುಗಡೆಯ ತಾಣಗಳನ್ನೂ ಸೇರಿಸಿತು. ಗಾಡಿಯನ್ನು ಕೊಳ್ಳುವುದು ನಮ್ಮ ಕೈಯಲ್ಲಿದೆ. ನಿಲುಗಡೆಯನ್ನು ಕಟ್ಟುವುದು ಒಬ್ಬ ಗೃಹಸ್ಥನ ಕೈಯಲ್ಲಿಲ್ಲ. ಅದಿಲ್ಲದ ಕಡೆ ಮನೆಗಾಡಿಯವನು ಪ್ರತಿ ಸಂಜೆಯೂ ಯಾರದೋ ಮನೆಯ ಬಾವಿಗೂ ಗುಂಡಿಗೂ ಅತಿಥಿಯೇ.

ಎರಡನೆಯ ಸಂಜೆ ಬೆಟ್ಟದ ಎದುರು ಕುಳಿತು ಲೆಕ್ಕವನ್ನು ಪೂರ್ತಿ ಮಾಡಿದೆವು. ಶಿರಸ್ತೇದಾರರು ಹೇಳಿದರು, ನಾನು ಬರೆದೆನು.

ಮೂವತ್ತು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆಂದು ಭಾವಿಸೋಣ. 2023ರ ಏಪ್ರಿಲಿನಿಂದ ಅದರಲ್ಲಿ ಒಬ್ಬರು ಇಡಬಹುದಾದ ಮಿತಿಯನ್ನು ಸರಿಯಾಗಿ ಮೂವತ್ತು ಲಕ್ಷಕ್ಕೇ ಏರಿಸಿದರು; ಆಗ ನಿಗದಿಯಾದ ಬಡ್ಡಿ ಶೇಕಡಾ 8.2. ವರ್ಷಕ್ಕೆ 2,46,000 ರೂಪಾಯಿ. ಮೂರು ತಿಂಗಳಿಗೊಮ್ಮೆ 61,500 ಕೈಗೆ ಬರುತ್ತದೆ. ತಿಂಗಳಿಗೆ ಹಂಚಿದರೆ 20,500. ತೆರಿಗೆಯ ಮಾತು ಹಾಗಿರಲಿ. ಹಣವನ್ನು ಗಾಡಿಗೆ ಹಾಕಿದ ದಿನವೇ ಈ ಆದಾಯ ನಿಲ್ಲುತ್ತದೆ. ಇದು ಯಾರೂ ರಸೀತಿ ಕೊಡದ ಖರ್ಚು. ಆದುದರಿಂದಲೇ ಯಾರೂ ಬರೆಯದ ಖರ್ಚು.

ಎರಡನೆಯದು ಸವಕಳಿ. ವಿಮೆಯವರು ವಾಹನದ ಬೆಲೆ ಕಟ್ಟುವಾಗ ಒಂದು ಸೋಪಾನವನ್ನು ಅನುಸರಿಸುತ್ತಾರೆ: ಆರು ತಿಂಗಳಾದ ಮೇಲೆ ವರ್ಷದೊಳಗೆ ಶೇಕಡಾ 15 ಕಳೆಯುತ್ತಾರೆ, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಮೂವತ್ತು ಲಕ್ಷದ ಗಾಡಿ ಐದು ವರ್ಷಕ್ಕೆ ಹದಿನೈದು ಲಕ್ಷದ ಗಾಡಿ. ಅರುವತ್ತು ತಿಂಗಳಿಗೆ ಹದಿನೈದು ಲಕ್ಷವೆಂದರೆ ತಿಂಗಳಿಗೆ 25,000. ಅಂಚೆ ಕಚೇರಿಯಲ್ಲಿಟ್ಟ ಅಸಲು ಐದು ವರ್ಷವಾದರೂ ಅಸಲಾಗಿಯೇ ಇರುತ್ತದೆ. ಗಾಡಿಗೆ ಹಾಕಿದ ಅಸಲು ಕರಗುತ್ತದೆ. ಸ್ಥಿರಸ್ವತ್ತಿಗೂ ಚರಸ್ವತ್ತಿಗೂ ಇರುವ ಅಂತರವನ್ನು ಜನ್ಮವೆಲ್ಲ ದಸ್ತಾವೇಜುಗಳಲ್ಲಿ ಬರೆದ ಶಿರಸ್ತೇದಾರರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಅವರು ಮಾತ್ರ ಬೆಟ್ಟದ ಕಡೆಗೆ ಕೈ ತೋರಿಸಿ, “ಅದು ಸ್ಥಿರಸ್ವತ್ತೇ ಅಲ್ಲವೆ, ಮೇಷ್ಟ್ರೇ? ಯಾರೂ ಹತ್ತಲಾರರು ಎನ್ನುತ್ತಿದ್ದರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ದಂಡು ಕೆಲವೇ ದಿನಗಳಲ್ಲಿ ಹಿಡಿಯಲಿಲ್ಲವೆ?” ಎಂದರು. ಹಿಡಿದರು. ಆದರೆ ಬೆಟ್ಟ ಅಲ್ಲಿಯೇ ಇದೆಯಲ್ಲ ಎಂದೆನು.

20,500ಕ್ಕೆ 25,000 ಕೂಡಿದರೆ ತಿಂಗಳಿಗೆ 45,500, ವರ್ಷಕ್ಕೆ 5,46,000. ಗಾಡಿ ಒಂದು ಗೇಣೂ ಕದಲದೆ ಮನೆಯ ಮುಂದೆ ನಿಂತಿದ್ದರೂ ಇಷ್ಟು. ಇದರ ಮೇಲೆ ವಿಮೆಯ ಕಂತು, ರಿಪೇರಿ, ಟೈರು, ಬ್ಯಾಟರಿ. ಟೈರಿನ ರಬ್ಬರು ಓಡಿದರೂ ಸವೆಯುತ್ತದೆ, ನಿಂತರೂ ಬಿರಿಯುತ್ತದೆ. ಬ್ಯಾಟರಿಗೆ ನಿಂತಿರುವುದೇ ರೋಗ. ಇವೆಲ್ಲಕ್ಕೂ ಸೇರಿಸಿ ವರ್ಷಕ್ಕೆ ಒಂದು ಲಕ್ಷವೆಂದು ಹಿಡಿದೆವು. ಒಟ್ಟು 6,46,000. ಡೀಸೆಲ್ಲನ್ನು ಬೇಕೆಂದೇ ಬಿಟ್ಟೆವು. ಯಾವ ವಾಹನದಲ್ಲಿ ತಿರುಗಿದರೂ ಅದು ತಪ್ಪುವುದಿಲ್ಲ.

ಇನ್ನು ಉಳಿದದ್ದು ಒಂದೇ ಪ್ರಶ್ನೆ: ವರ್ಷದಲ್ಲಿ ಎಷ್ಟು ರಾತ್ರಿ ನೀವು ಅದರಲ್ಲಿ ಮಲಗುವಿರಿ? ಮುನ್ನೂರ ಅರುವತ್ತೈದು ರಾತ್ರಿಯೂ ಮಲಗಿದರೆ ರಾತ್ರಿಗೆ 1,770 ರೂಪಾಯಿ. ಇನ್ನೂರಾದರೆ 3,230. ನೂರಾದರೆ 6,460. ಶಿರಸ್ತೇದಾರರು ಪಂಚಾಂಗವನ್ನು ಕಣ್ಣಮುಂದೆ ತಂದುಕೊಂಡು ಎಣಿಸತೊಡಗಿದರು. ಮಳೆಗಾಲವನ್ನು ಕಳೆಯಬೇಕು, ನಮ್ಮ ಸೀಮೆಯಲ್ಲಿ ಜೋರು ಮಳೆ ಬೀಳುವುದು ಸೆಪ್ಟೆಂಬರು ಅಕ್ಟೋಬರುಗಳಲ್ಲಿ, ಆದುದರಿಂದ ದೀಪಾವಳಿಯವರೆಗೂ ಹೊರಡುವಂತಿಲ್ಲ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಬಯಲುಸೀಮೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಇರುವುದಾಗುವುದಿಲ್ಲ. ಉಳಿದ ನಾಲ್ಕು ತಿಂಗಳಲ್ಲಿ ಸಂಕ್ರಾಂತಿಗೆ ಮಗಳು ಬರುತ್ತಾಳೆ. ತಾಯಿಯ ಶ್ರಾದ್ಧ ಪುಷ್ಯದಲ್ಲಿ. ಮೂರು ತಿಂಗಳಿಗೊಮ್ಮೆ ಸಕ್ಕರೆಯ ಕಾಯಿಲೆಯ ಪರೀಕ್ಷೆ. ಎಪ್ಪತ್ತು ರಾತ್ರಿಗಳೆಂದು ಅವರೇ ಹೇಳಿದರು. ಭಾಗಿಸಿದರೆ ರಾತ್ರಿಗೆ ಒಂಬತ್ತು ಸಾವಿರಕ್ಕೂ ಮೇಲೆ ಬಂದಿತು. ಅವರು ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮತ್ತೊಮ್ಮೆ ಭಾಗಿಸಿದರು.

ಖರ್ಚನ್ನು ತಗ್ಗಿಸಲು ಹಳೆಯ ಟೆಂಪೊ ಒಂದನ್ನು ಕೊಂಡು ಊರ ಬಡಗಿಯಿಂದ ಮಂಚ ಕೂಡಿಸಿದರಾಗದೆ ಎಂದು ಕೇಳುವವರುಂಟು. ಆಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ‘ಮೋಟಾರ್ ಕ್ಯಾರವಾನ್’ ಎಂಬ ವರ್ಗಕ್ಕೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವೇ ಉಂಟು. ಅದರಂತೆ ಅನುಮೋದನೆ ಪಡೆದು ಕಟ್ಟಿದ ಗಾಡಿಯನ್ನೇ ಕೊಳ್ಳಬೇಕು. ಕದ್ದುಮುಚ್ಚಿ ಕಟ್ಟಿಸಿದ ಗಾಡಿಗೆ ಅಪಘಾತವಾದರೆ ವಿಮೆಯ ಹಣ ಬರುವುದೆಂಬ ಭರವಸೆಯಿಲ್ಲ. ಒಲೆಯೂ ಅನಿಲದ ಸಿಲಿಂಡರೂ ಹಾಸಿಗೆಯ ಪಕ್ಕದಲ್ಲಿಯೇ ಇರತಕ್ಕ ವಾಹನದಲ್ಲಿ ಇದು ಸಣ್ಣ ಮಾತಲ್ಲ.

ವಯಸ್ಸಿನ ಲೆಕ್ಕವೂ ಒಂದುಂಟು. ಐವತ್ತೈದು ದಾಟಿದವರ ಚಾಲನಾ ಪರವಾನಗಿಯನ್ನು ಐದೈದು ವರ್ಷಕ್ಕೆ ಮಾತ್ರ ನವೀಕರಿಸುತ್ತಾರೆ, ವೈದ್ಯರ ಪ್ರಮಾಣಪತ್ರದೊಡನೆ. ಶಿರಸ್ತೇದಾರರಿಗೆ ಈಗ ಅರುವತ್ತೊಂದು. ಅರುವತ್ತಾರಕ್ಕೆ ಒಮ್ಮೆ, ಎಪ್ಪತ್ತೊಂದಕ್ಕೆ ಒಮ್ಮೆ ಕಣ್ಣು ತೋರಿಸಬೇಕು. ಗಾಡಿಯ ನೋಂದಣಿಯೇನೋ ಹದಿನೈದು ವರ್ಷಕ್ಕಿದೆ. ಗಾಡಿ ಬಾಳುವಷ್ಟು ಕಾಲ ಕಣ್ಣು ಬಾಳುವುದೆಂದು ಯಾರು ಹೇಳಬಲ್ಲರು?

ಇಷ್ಟೆಲ್ಲ ನಡೆಯುವಾಗ ಅವರ ಮನೆಯವರು ಒಳಗೆ ರಾಗಿಮುದ್ದೆ ತೊಳಸುತ್ತಿದ್ದರು. ಕೈಯೊರೆಸಿಕೊಂಡು ಮೆಟ್ಟಿಲಿಳಿದು ಬಂದರು. ಆ ಮೆಟ್ಟಿಲು ನೆಲದಿಂದ ಮೊಣಕಾಲಿನಷ್ಟು ಎತ್ತರ. ಎರಡು ದಿನದಲ್ಲಿ ಆಕೆ ಅದನ್ನು ಹತ್ತಿಳಿಯುವಾಗಲೆಲ್ಲ ಬಾಗಿಲಿನ ಕಂಬಿಯನ್ನು ಎರಡೂ ಕೈಗಳಿಂದ ಹಿಡಿಯುತ್ತಿದ್ದುದನ್ನು ನಾನು ಕಂಡಿದ್ದೆನು.

“ಮೇಷ್ಟ್ರೇ, ಇವರ ಲೆಕ್ಕ ಆಯಿತಲ್ಲ. ನನ್ನದೂ ಒಂದಿದೆ, ಬರೆದುಕೊಳ್ಳಿ,” ಎಂದರು. “ಇವರಿಗೆ ವರ್ಗವಾದ ಊರಿಗೆಲ್ಲ, ಕನಕಪುರ, ಚನ್ನಪಟ್ಟಣ, ಹುಣಸೂರು, ಮತ್ತೆ ಕನಕಪುರ, ಪಾತ್ರೆ ಕಟ್ಟಿದವಳು ನಾನು, ಬಿಚ್ಚಿದವಳೂ ನಾನು. ಮಾಗಡಿ ಮನೆಗೆ ಬಂದ ದಿನ ಇನ್ನು ಕಟ್ಟುವುದಿಲ್ಲ ಅಂದುಕೊಂಡೆ. ಈ ಗಾಡಿಯಲ್ಲಿ ದಿನಾ ಕಟ್ಟಬೇಕು, ದಿನಾ ಬಿಚ್ಚಬೇಕು. ಇಲ್ಲದಿದ್ದರೆ ಮೊದಲ ತಿರುವಿಗೇ ಡಬ್ಬಿ ಎಲ್ಲ ನೆಲಕ್ಕೆ. ಅದೂ ಹೋಗಲಿ. ನಾಳೆ ಇವರಿಗೆ ಏನಾದರೂ ಹೆಚ್ಚುಕಡಮೆ ಆದರೆ, ಮನೆ ಮಾರಿ ಆಗಿದೆ, ನಾನು ಈ ಗಾಡಿಯನ್ನು ಓಡಿಸಲೇನು?”

ಶಿರಸ್ತೇದಾರರು ಬಹಳ ಹೊತ್ತು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಕಾಗದದಲ್ಲಿ ಬಡ್ಡಿಯಿತ್ತು, ಸವಕಳಿಯಿತ್ತು, ಟೈರಿತ್ತು. ಈ ಸಾಲು ನನಗೂ ಹೊಳೆದಿರಲಿಲ್ಲ. ಮೂವತ್ತೈದು ವರ್ಷ ಬಾಲಕರಿಗೆ ಗಣಿತವನ್ನೂ ಕಲಿಸಿದವನೆಂಬ ಅಭಿಮಾನ ಆ ಸಂಜೆ ಸ್ವಲ್ಪ ಕುಗ್ಗಿತೆಂದೇ ಹೇಳಬೇಕು.

ಮನೆಯನ್ನು ಮಾರುವ ವಿಷಯದಲ್ಲಿ ಇನ್ನೊಂದು ಮಾತು. ಅಮೆರಿಕದಲ್ಲಿ ವರ್ಷವಿಡೀ ಗಾಡಿಯಲ್ಲಿಯೇ ಇರುವವರೂ ಒಂದು ಸಂಸ್ಥಾನವನ್ನು ತಮ್ಮ ಕಾಯಂ ವಿಳಾಸವಾಗಿ ಆರಿಸಿಕೊಳ್ಳಲೇಬೇಕು. ತೆರಿಗೆಯ ಅನುಕೂಲಕ್ಕಾಗಿ ದಕ್ಷಿಣ ಡಕೋಟವನ್ನೋ ಟೆಕ್ಸಸನ್ನೋ ಫ್ಲಾರಿಡವನ್ನೋ ಆರಿಸುವವರು ಹೆಚ್ಚು. ಅಲ್ಲಿ ಎಲ್ಲರೂ ಸುಖಕ್ಕಾಗಿಯೇ ಹೊರಟವರಲ್ಲ. 2008ರ ಆರ್ಥಿಕ ಕುಸಿತದ ತರುವಾಯ ಮನೆಯ ವೆಚ್ಚವನ್ನು ತಾಳಲಾರದೆ ವ್ಯಾನುಗಳಲ್ಲಿ ವಾಸಿಸುತ್ತ, ಊರಿಂದೂರಿಗೆ ಕೂಲಿಗೆ ಹೋಗುತ್ತಿದ್ದ ವೃದ್ಧರ ವಿಷಯವಾಗಿ ಜೆಸ್ಸಿಕಾ ಬ್ರೂಡರ್ ಎಂಬಾಕೆ 2017ರಲ್ಲಿ ‘ನೋಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕವನ್ನು ಬರೆದರು. ಅದು ಚಲಚ್ಚಿತ್ರವಾಗಿ 2021ರಲ್ಲಿ ಆಸ್ಕರ್ ಪಡೆಯಿತು. ನಮ್ಮಲ್ಲಿ ಪಿಂಚಣಿದಾರರು ಬದುಕಿರುವ ಪ್ರಮಾಣವನ್ನು ಕೊಡಲು, 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಯಿಂದಾಗಿ, ಎಲ್ಲಿದ್ದರೂ ಸಾಧ್ಯ. ಆದರೆ ಮತದಾರರ ಪಟ್ಟಿಗೆ, ಬ್ಯಾಂಕಿಗೆ, ಪಡಿತರ ಚೀಟಿಗೆ ಬಾಗಿಲ ಸಂಖ್ಯೆಯೊಂದು ಬೇಕೇ ಬೇಕು. ಗಾಡಿಯ ಸಂಖ್ಯೆ ಆ ಜಾಗದಲ್ಲಿ ಸಲ್ಲುವುದಿಲ್ಲ.

ಹಾಗೆಂದು ಮನೆಗಾಡಿ ಯಾರಿಗೂ ತಕ್ಕುದಲ್ಲವೆಂದು ನಾನು ಹೇಳತಕ್ಕವನಲ್ಲ. ಇಬ್ಬರಿಗೂ ಓಡಿಸಲು ಬರಬೇಕು. ಇಬ್ಬರ ಮೊಣಕಾಲೂ ನೆಟ್ಟಗಿರಬೇಕು. ಹಿಂತಿರುಗಲು ಮನೆಯೊಂದು ಉಳಿದಿರಬೇಕು. ವರ್ಷಕ್ಕೆ ಇನ್ನೂರು ರಾತ್ರಿಯಾದರೂ ಅದರಲ್ಲಿ ಕಳೆಯುವೆವೆಂದು ಪಂಚಾಂಗ ಹಿಡಿದು ಹೇಳಬಲ್ಲವರಾಗಿರಬೇಕು. ಸಾವನದುರ್ಗದಲ್ಲಿ ಕಾಫಿ ಕೊಟ್ಟ ಆ ದಂಪತಿಗಳು ಅಂಥವರೇ ಇರಬಹುದು. ರಾತ್ರಿಗೆ ಮೂರು ಸಾವಿರವನ್ನು ಆ ಬೆಟ್ಟದ ದರ್ಶನಕ್ಕೆ ಕೊಡುವುದು ದುಬಾರಿಯೆಂದು ಹೇಳಲು ನನಗೆ, ಆ ಸಂಜೆಯನ್ನು ಕಂಡ ಮೇಲೆ, ನಾಲಗೆ ಬರುವುದಿಲ್ಲ.

ಶಿರಸ್ತೇದಾರರು ಮಾರ್ಗಶಿರದಲ್ಲಿ ಮೂವತ್ತು ಲಕ್ಷವನ್ನು ಅಂಚೆ ಕಚೇರಿಯಲ್ಲಿಟ್ಟರು. ಮನೆ ಮಾರುವ ಮಾತು ನಿಂತಿತು. ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿಯಲ್ಲಿ ಅರ್ಧವನ್ನು ಸಂಚಾರಕ್ಕೆಂದು ಪ್ರತ್ಯೇಕವಾಗಿ ತೆಗೆದಿಡುವುದೆಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಫಾಲ್ಗುಣದಲ್ಲಿ ಬಾಡಿಗೆಯ ಕಾರಿನಲ್ಲಿ ಶೃಂಗೇರಿ, ಹೊರನಾಡು, ಕೊಲ್ಲೂರು ನೋಡಿಕೊಂಡು ಒಂಬತ್ತು ದಿನಕ್ಕೆ ಹಿಂತಿರುಗಿದರು. ಖರ್ಚಿನ ಪುಸ್ತಕವನ್ನು ತಂದು ನನಗೆ ತೋರಿಸಿದರು, ಕಾಫಿಗೆ ಕೊಟ್ಟ ಹತ್ತು ರೂಪಾಯಿಯನ್ನೂ ಬಿಡದೆ ಬರೆದಿದ್ದರು. ಆಕೆ ಪ್ರತಿ ರಾತ್ರಿಯೂ ಯಾರೋ ಹಾಸಿದ ಹಾಸಿಗೆಯ ಮೇಲೆ ಮಲಗಿ, ಯಾರೋ ಮಾಡಿದ ಅಡಿಗೆಯನ್ನು ಉಂಡರಂತೆ.

ಆದರೂ ಭಾನುವಾರಗಳಲ್ಲಿ ಶಿರಸ್ತೇದಾರರು ಒಬ್ಬರೇ ಬಸ್ಸು ಹತ್ತಿ ಸಾವನದುರ್ಗಕ್ಕೆ ಹೋಗುವುದುಂಟು. ಆ ಬಿಳಿಯ ಗಾಡಿಯವರ ದೂರವಾಣಿಯ ಸಂಖ್ಯೆ ಅವರ ಜೇಬಿನ ಪುಸ್ತಕದಲ್ಲಿ ಇನ್ನೂ ಇದೆ. ಮುಂದಿನ ಕಾರ್ತಿಕಕ್ಕೆ ಬಾಡಿಗೆಯ ಗಾಡಿಯನ್ನು ಮತ್ತೊಮ್ಮೆ ತರಿಸೋಣವೆ, ಎರಡೇ ರಾತ್ರಿಗೆ, ಎಂದು ಮೊನ್ನೆ ಕೇಳಿದರು. ಮೆಟ್ಟಿಲಿನ ಮುಂದೆ ಇಡಲು ಒಂದು ಮಣೆಯನ್ನು ಈ ಸಲ ನಾನೇ ಮಾಡಿಸಿ ತರುತ್ತೇನೆಂದು ಹೇಳಿದ್ದೇನೆ.